‘ಅ’ ಎಂಬ ಚೌಕ

ಆ ಮನೆಯಲ್ಲಿ ಬೆಳಗಿನ ತಿಂಡಿಗೆ ಎಲ್ಲರೂ ಮೇಜಿನ ಸುತ್ತ ಕೂತ ಮೇಲೆ ಅತ್ತೆಯ ಬಾಯಿಂದ ಬರುವ ಮೊದಲ ಪ್ರಶ್ನೆ ಹತ್ತೊಂಬತ್ತು ವರ್ಷಗಳಿಂದ ಒಂದೇ ಆಗಿತ್ತು: "ನೀರು ಹೇಗಿದೆ?" ಕೇಳುತ್ತಿದ್ದದ್ದು ಹಿರಿಯ ಸೊಸೆಯನ್ನು. ಊರಿಗೆ ನೀರೆತ್ತುವ ಪಂಪುಮನೆಯ ಕಂಟ್ರೋಲ್ ರೂಮಿನಲ್ಲಿ ಹಗಲು ಪಾಳಿಯ ಮುಖ್ಯಸ್ಥೆ ಅವಳೇ. ಅಲ್ಲಿಯವರು ಅವಳನ್ನು ಮೀಟರಮ್ಮ ಎಂದು ಕರೆಯುತ್ತಿದ್ದರು, ಎದುರಿಗೂ ಹಿಂದಿನಿಂದಲೂ. "ಗುಡ್ಡದ ಟ್ಯಾಂಕಲ್ಲಿ ಮೂರೂಮುಕ್ಕಾಲು ಮೀಟರ್ ಇದೆ ಅತ್ತೆ, ಸಂಜೆವರೆಗೂ ಯೋಚನೆ ಇಲ್ಲ" ಎಂದು ಅವಳು ಹೇಳುವಾಗ ದನಿಯಲ್ಲಿ ಒಂದು ಗತ್ತು ಇರುತ್ತಿತ್ತು, ನೀರೆಲ್ಲ ಅವಳೇ ತನ್ನ ಕೊಡದಿಂದ ಬಗ್ಗಿಸಿದ ಹಾಗೆ. ಅದನ್ನು ಕೇಳಿದ ಮೇಲೆಯೇ ಅತ್ತೆ ಬಟ್ಟೆ ನೆನೆಹಾಕುತ್ತಿದ್ದದ್ದು.

ಆ ಸೋಮವಾರ ಪ್ರಶ್ನೆ ಮೇಜಿನ ಇನ್ನೊಂದು ತುದಿಗೆ ಹೋಯಿತು. "ನೀರು ಹೇಗಿದೆಯೇ, ಪುಟ್ಟಿ?"

ಪುಟ್ಟಿ ಎಂದರೆ ಕಿರಿಯ ಸೊಸೆ, ಮೀಟರಮ್ಮನ ವಾರಗಿತ್ತಿ. ಈ ಮನೆಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಅವಳು ಬಾಯಲ್ಲಿದ್ದ ತುತ್ತು ನುಂಗಿ, ಫೋನು ನೋಡಿ, "ಮೂರೂವರೆ ಇದೆ ಅತ್ತೆ" ಎಂದು ಹೇಳಿದಳು, ಅಷ್ಟೇ. ಗತ್ತಿಲ್ಲ, ಬಿಂಕವಿಲ್ಲ. ಅತ್ತೆ ತಲೆಯಾಡಿಸಿ ಎದ್ದು ಹೋದರು. ಮೀಟರಮ್ಮನ ಕೈಯ ಚಮಚ ತಟ್ಟೆಗೆ ಬಡಿದು ಸದ್ದಾಯಿತು. ಅವಳ ಗಂಡ, ಮೈದುನ, ಯಾರೂ ತಲೆಯೆತ್ತಿ ನೋಡಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು.

ಹೊಟ್ಟೆಕಿಚ್ಚು ವಯಸ್ಸಾದ ಮೇಲೆ ತಾನಾಗಿ ಆರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೀಟರಮ್ಮನಿಗೆ ನಲವತ್ತೇಳು. ಆ ವಯಸ್ಸಿನಲ್ಲಿ ಅದು ಒಳಗೇ ಕೂತು, ನಿಧಾನವಾಗಿ, ಪುರುಸೊತ್ತಿನಲ್ಲಿ ಉರಿಯುತ್ತದೆ.

ಇದೆಲ್ಲ ಶುರುವಾದದ್ದು ಎರಡು ತಿಂಗಳ ಹಿಂದೆ. ಪಂಪುಮನೆ ಇರುವುದು ಹೊಳೆಯ ಪಕ್ಕ. ಟ್ಯಾಂಕು ಇರುವುದು ಆರು ಕಿಲೋಮೀಟರ್ ಆಚೆ, ಗುಡ್ಡದ ಮೇಲೆ. ಟ್ಯಾಂಕಿನ ನೀರು ಎಷ್ಟಿದೆ ಎಂಬ ಸುದ್ದಿ ರೇಡಿಯೊ ಮೂಲಕ ಹತ್ತು ಸೆಕೆಂಡಿಗೊಮ್ಮೆ ಬರಬೇಕು. ಅದನ್ನು ನೋಡಿಕೊಂಡು ಪಂಪು ಜೋರಾಗಬೇಕು ಇಲ್ಲವೇ ನಿಧಾನವಾಗಬೇಕು. ಹಳೆಯ ಪ್ಯಾನೆಲ್‌ಗೆ ಒಂದು ಕೆಟ್ಟ ಚಾಳಿ ಇತ್ತು. ಸುದ್ದಿ ಬಾರದಿದ್ದರೆ ಎಲ್ಲ ಮೊದಲಿನಂತೆಯೇ ಇದೆ ಎಂದುಕೊಂಡು, ಕೊನೆಗೆ ಬಂದ ಅಂಕಿಯನ್ನೇ ಹಿಡಿದುಕೊಂಡು ಕೂರುತ್ತಿತ್ತು. ಒಂದು ದಿನ ಮೀಟರಮ್ಮ ಊಟಕ್ಕೆ ಹೋದಾಗ ರೇಡಿಯೊ ನಲವತ್ತು ನಿಮಿಷ ಸತ್ತುಬಿದ್ದಿತ್ತು. ಟ್ಯಾಂಕು ಅರ್ಧವೇ ತುಂಬಿದೆ ಎಂಬ ನಂಬಿಕೆಯಲ್ಲಿ ಪ್ಯಾನೆಲ್ ಪಂಪು ಓಡಿಸಿದ್ದೇ ಓಡಿಸಿದ್ದು. ಟ್ಯಾಂಕು ಉಕ್ಕಿ ಗುಡ್ಡದ ಬೀದಿಗೆ ಹರಿಯಿತು. ದರ್ಜಿಯ ಅಂಗಡಿಯಲ್ಲಿ ಹೊಲಿಯಲು ಕೊಟ್ಟ ಬಟ್ಟೆಗಳೆಲ್ಲ ತೇಲಿದವು. ಯಾರದೋ ಒಂದು ತೋಳಿನ ಕೋಟು ಚರಂಡಿಯವರೆಗೂ ಹೋಗಿತ್ತಂತೆ.

ಅದಾದ ಮೇಲೆ ಹೊಸ ವ್ಯವಸ್ಥೆ ಕೂರಿಸುವುದೆಂದು ತೀರ್ಮಾನವಾಯಿತು. ಅದನ್ನು ಮಾಡುವ ಕಂಪನಿಯಿಂದ ಬಂದವಳು ಬೇರೆ ಯಾರೂ ಅಲ್ಲ, ವಾರಗಿತ್ತಿಯೇ. ಇಂಜಿನಿಯರ್ ಸಾಹೇಬರು ಅವಳನ್ನು ತಲೆಯ ಮೇಲೆ ಕೂರಿಸಿಕೊಂಡರು. ಅವಳು ಮಾತಾಡುವಾಗ ಅವರು ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದರು. ಮೀಟರಮ್ಮ ಹತ್ತೊಂಬತ್ತು ವರ್ಷ ಮಾತಾಡಿದ್ದಾಳೆ, ಆ ಪೆನ್ನಿನ ಮುಚ್ಚಳ ಒಂದು ದಿನ ತೆಗೆದದ್ದಿಲ್ಲ.

ಹೊಸದರ ಬುದ್ಧಿ ಬೇರೆ. ಅದು ಪ್ರತಿ ಸುದ್ದಿಗೂ ಒಂದು ಕ್ರಮಸಂಖ್ಯೆ, ಒಂದು ಗುಟ್ಟಿನ ಮುದ್ರೆ ಕೇಳುತ್ತದೆ. ಯಾರೋ ಕಿಡಿಗೇಡಿ ನಡುವೆ ನುಗ್ಗಿ ಸುಳ್ಳು ಅಂಕಿ ಕಳಿಸಿದರೆ, ನಿನ್ನೆಯ ಸುದ್ದಿಯನ್ನು ಇಂದಿನದೆಂದು ಮತ್ತೆ ತೂರಿಸಿದರೆ, ಮುದ್ರೆ ನೋಡಿ ಬಾಗಿಲಲ್ಲೇ ತಡೆಯುತ್ತದೆ. ಸುದ್ದಿ ಪೂರ್ತಿ ನಿಂತರೂ ಕೈಕಟ್ಟಿ ಕೂರುವುದಿಲ್ಲ. ಎಷ್ಟು ನೀರು ಹೋಗಿದೆ, ಊರು ಎಷ್ಟು ಬಳಸುತ್ತಿದೆ, ಪಂಪಿನ ಬಾಯಲ್ಲಿ ಒತ್ತಡ ಎಷ್ಟಿದೆ ಎಂದು ನೋಡಿ ತಾನೇ ಅಂದಾಜು ಮಾಡುತ್ತದೆ. ಪರದೆಯ ಮೇಲೆ ಇದಕ್ಕೆಲ್ಲ ಮೂರು ಚೌಕ. ಒಂದರ ಮೇಲೆ ‘ರೇ’, ಅಂದರೆ ರೇಡಿಯೊ. ಇನ್ನೊಂದರ ಮೇಲೆ ‘ಅಂ’, ಅಂದಾಜು. ಮೂರನೆಯದರ ಮೇಲೆ ಬರೀ ‘ಅ’. ಅದೇನೆಂದು ಮೀಟರಮ್ಮ ಕೇಳಲಿಲ್ಲ. ಕೇಳಿದರೆ ತಾನು ಸಣ್ಣವಳಾಗುತ್ತೇನೆ ಎಂಬ ಬಿಗುಮಾನ. ತಾನೇ ಅರ್ಥ ಮಾಡಿಕೊಂಡಳು: ‘ಅ’ ಎಂದರೆ ಅಧಿಕಾರಿ. ಸಾಹೇಬರಿಗೇ ಒಂದು ಚೌಕ ಮಾಡಿಕೊಟ್ಟು ಬೆಣ್ಣೆ ಹಚ್ಚಿದ್ದಾಳೆ ಬುದ್ಧಿವಂತೆ.

ಇನ್ನು ಈ ಕತೆಯ ನಿಜವಾದ ಗಂಟು. ಹೊಸ ವ್ಯವಸ್ಥೆ ಒಂದು ವಾರದ ಪರೀಕ್ಷೆಯಲ್ಲಿ ಪಾಸಾದರೆ ಹಗಲು ಪಾಳಿಗೆ ಮುಖ್ಯಸ್ಥೆ ಎಂಬ ಹುದ್ದೆಯೇ ಇರುವುದಿಲ್ಲ, ಮೀಟರಮ್ಮನನ್ನು ಉಗ್ರಾಣಕ್ಕೆ ಹಾಕುತ್ತಾರೆ ಎಂದು ಪಂಪುಮನೆಯಲ್ಲಿ ಗುಸುಗುಸು ಎದ್ದಿತ್ತು. ಉಗ್ರಾಣವೆಂದರೆ ನಟ್ಟು, ಬೋಲ್ಟು, ಹಳೆಯ ವಾಲ್ವು, ಜೇಡರ ಬಲೆ. ಅಲ್ಲಿ ಕೂತವರನ್ನು ನೀರು ಹೇಗಿದೆ ಎಂದು ಯಾರು ಕೇಳುತ್ತಾರೆ?

ಪರೀಕ್ಷೆಗೆ ಹತ್ತು ದಿನ ಮುಂಚೆ ಒಂದು ಸಂಜೆ ಇಬ್ಬರೂ ಅಡಿಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದರು. ಊರು ಯಾವ ದಿನ ಯಾವ ಹೊತ್ತಿಗೆ ಎಷ್ಟು ನೀರು ಎಳೆಯುತ್ತದೆ ಎಂದು ವಾರಗಿತ್ತಿ ಕೇಳಿದಳು. ಹಳೆಯ ಪ್ಯಾನೆಲ್ ಏನನ್ನೂ ಬರೆದಿಟ್ಟಿರಲಿಲ್ಲ. ಬರೆದಿಟ್ಟವಳು ಮೀಟರಮ್ಮ ಒಬ್ಬಳೇ, ನೀಲಿ ರಟ್ಟಿನ ಏಳು ಪುಸ್ತಕಗಳಲ್ಲಿ. ಪುಸ್ತಕ ಕೊಡಲು ಅವಳಿಗೆ ಮನಸ್ಸು ಬರಲಿಲ್ಲ. ನನ್ನ ಅಕ್ಷರ ನಿನಗೆ ತಿಳಿಯುವುದಿಲ್ಲ, ಬರೆದುಕೋ, ನಾನೇ ಓದಿ ಹೇಳುತ್ತೇನೆ ಎಂದಳು. ಸೋಮವಾರ, ಮಂಗಳವಾರ, ಬುಧವಾರ ಎಲ್ಲ ಹೇಳಿದಳು. ಒಂದು ಅಂಕಿಯೂ ತಪ್ಪಿಲ್ಲ.

ಗುರುವಾರಕ್ಕೆ ಬಂದಾಗ ಅವಳ ಬೆರಳು ಹಾಳೆಯ ಅಂಚಿನಲ್ಲಿ ನಿಂತಿತು. ಅಲ್ಲಿ ಕೆಂಪು ಶಾಯಿಯಲ್ಲಿ ‘ಒಗೆ’ ಎಂದಿತ್ತು. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಮನೆ ಗುಡ್ಡದ ಬುಡದಲ್ಲಿದೆ. ಯಾವ ನಕ್ಷೆಯಲ್ಲೂ ಕಾಣದ ಒಂದು ಹಳೆಯ ಕೊಳವೆಯಲ್ಲಿ ಅದು ಗುರುವಾರ ಒಂದು ಗಂಟೆಯಿಂದ ಮೂರು ಗಂಟೆಯವರೆಗೆ ಟ್ಯಾಂಕಿನ ನೀರು ಎಳೆಯುತ್ತದೆ. ಅದಕ್ಕೇ ಮೀಟರಮ್ಮ ಪ್ರತಿ ಗುರುವಾರ ಹನ್ನೆರಡೂವರೆಗೇ ಎರಡನೆಯ ಪಂಪು ಹಾಕುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಕಂಡುಕೊಂಡದ್ದು.

"ಗುರುವಾರ ವಿಶೇಷ ಏನಾದ್ರೂ ಇದೆಯಾ ಅಕ್ಕ?" ವಾರಗಿತ್ತಿ ಕೇಳಿದಳು.

"ಏನಿಲ್ಲ. ಬುಧವಾರದ ಹಾಗೇ" ಎಂದು ಮೀಟರಮ್ಮ ಹಾಳೆ ತಿರುವಿದಳು.

ಮೊದಲ ರಾತ್ರಿ ಸ್ವಲ್ಪ ಕಸಿವಿಸಿಯಾಯಿತು. ಆಮೇಲೆ ಅಭ್ಯಾಸವಾಯಿತು. ರೇಡಿಯೊ ಸರಿಯಾಗಿದ್ದರೆ ಈ ಸುಳ್ಳಿನಿಂದ ಏನೂ ಕೆಡುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗುರುವಾರ ಮಧ್ಯಾಹ್ನ ರೇಡಿಯೊ ಕೈಕೊಟ್ಟರೆ ಮಾತ್ರ ವಾರಗಿತ್ತಿಯ ಅಂದಾಜು ಮಣ್ಣುಮುಕ್ಕುತ್ತದೆ, ಅಷ್ಟೇ ತಾನೇ?

ಅದನ್ನೂ ಅವಳು ದೇವರ ಮೇಲೆ ಬಿಡಲಿಲ್ಲ. ಪರೀಕ್ಷೆಗೆಂದು ಹೊರಗಿನಿಂದ ಇಬ್ಬರು ಬರುವವರಿದ್ದರು. ಬೇಕೆಂದೇ ಕೆಡಿಸುವುದು ಅವರ ಕೆಲಸ. ವ್ಯಾನಿನಲ್ಲಿ ಗುಡ್ಡದ ದಾರಿಯಲ್ಲಿ ನಿಂತು ಸುಳ್ಳು ಸುದ್ದಿ ಕಳಿಸುತ್ತಾರೆ, ಆಮೇಲೆ ರೇಡಿಯೊವನ್ನೇ ಗದ್ದಲದಿಂದ ಮುಳುಗಿಸುತ್ತಾರೆ. ಯಾವ ದಿನವೆಂದು ವ್ಯವಸ್ಥೆ ಕಟ್ಟಿದವರಿಗೆ ತಿಳಿಯಕೂಡದು. ಆದ್ದರಿಂದ ಅವರು ಪಾಳಿಯ ಮುಖ್ಯಸ್ಥೆಗೆ ಫೋನು ಮಾಡಿ, ಯಾವ ಹೊತ್ತು ಅನುಕೂಲ ಎಂದು ಗುಟ್ಟಾಗಿ ಕೇಳಿದರು. ಊರಿನಲ್ಲಿ ನೀರಿನ ಬಳಕೆ ತೀರ ಕಡಿಮೆ ಇರುವ ಹೊತ್ತನ್ನು ಹೇಳಿ, ಯಾರಿಗೂ ತೊಂದರೆಯಾಗಬಾರದು ಎಂದರು.

"ಗುರುವಾರ ಮಧ್ಯಾಹ್ನ ಒಂದು ಗಂಟೆ" ಎಂದಳು ಮೀಟರಮ್ಮ.

ಅವಳೇನು ರಾಕ್ಷಸಿಯಲ್ಲ. ಊರನ್ನು ಒಣಗಿಸುವ ಯೋಚನೆ ಅವಳಿಗಿರಲಿಲ್ಲ. ಅವಳ ಲೆಕ್ಕದಲ್ಲಿ ಎರಡು ಗಂಟೆ ಹತ್ತು ನಿಮಿಷಕ್ಕೆ ನೀರು ಒಂದೂವರೆ ಮೀಟರಿಗೆ ಇಳಿಯುತ್ತದೆ, ಅಲ್ಲಿಯವರೆಗೆ ಯಾರ ನಲ್ಲಿಯೂ ನಿಲ್ಲುವುದಿಲ್ಲ. ಅಷ್ಟು ಹೊತ್ತು ವಾರಗಿತ್ತಿಯ ಪರದೆ ಮೂರೂವರೆ ಎಂದು ಬೊಗಳೆ ಬಿಡುತ್ತಿರುತ್ತದೆ. ಆಗ ತಾನು ಎದ್ದು, ಎರಡನೆಯ ಪಂಪು ಹಾಕಿ, "ಇವತ್ತು ಗುರುವಾರ ಅಲ್ವಾ, ಪಾಪ, ನಿನ್ನ ಯಂತ್ರಕ್ಕೆ ಹೇಗೆ ಗೊತ್ತಾಗ್ಬೇಕು?" ಎಂದು ಹೇಳುವುದು. ಈ ಮಾತನ್ನು ಬಚ್ಚಲಿನ ಕನ್ನಡಿಯ ಮುಂದೆ ಮೂರು ಸಲ ಹೇಳಿ ನೋಡಿಕೊಂಡಿದ್ದಳು. ‘ಪಾಪ’ ಎನ್ನುವಾಗ ನಗಬಾರದು ಎಂದೂ ತೀರ್ಮಾನಿಸಿದ್ದಳು.

ಗುರುವಾರ ಬಂತು. ಒಂದು ಗಂಟೆ ಐದು ನಿಮಿಷಕ್ಕೆ ಪರದೆಯಲ್ಲಿ ಕೆಂಪು ಸಾಲುಗಳು ಬೀಳತೊಡಗಿದವು. ಹೊರಗಿನವರು ನಿನ್ನೆಯ ಸುದ್ದಿಗಳನ್ನು ಹಿಡಿದಿಟ್ಟುಕೊಂಡು ಮತ್ತೆ ಕಳಿಸುತ್ತಿದ್ದರು. ಹೊಸ ವ್ಯವಸ್ಥೆ ಒಂದೊಂದನ್ನೂ ಹಿಡಿದು ಹೊರಗೆ ಹಾಕಿತು. ಸಾಹೇಬರು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ವಾರಗಿತ್ತಿ ನಗಲಿಲ್ಲ, ಕುರ್ಚಿಯ ತುದಿಗೆ ಸರಿದು ಕೂತಳು. ಅವಳ ಆ ತಾಳ್ಮೆಯನ್ನು ಕಂಡೂ ಮೀಟರಮ್ಮನಿಗೆ ಉರಿಯಿತು. ಜಂಬ ಪಟ್ಟಿದ್ದರಾದರೂ ತಪ್ಪು ಹುಡುಕಬಹುದಿತ್ತಲ್ಲ!

ಒಂದು ಇಪ್ಪತ್ತಕ್ಕೆ ‘ರೇ’ ಚೌಕ ಖಾಲಿಯಾಯಿತು. ರೇಡಿಯೊ ಮುಳುಗಿತ್ತು. ‘ಅಂ’ ಚೌಕದಲ್ಲಿ ಮೂರೂವರೆ ಇತ್ತು. ನೋಡುತ್ತಿದ್ದಂತೆ ಅದು ಇಳಿಯತೊಡಗಿತು. ಮೂರು ಕಾಲು, ಮೂರು. ಮೀಟರಮ್ಮ ಪರದೆಯತ್ತ ಬಾಗಿದಳು. ಗುರುವಾರದ ಗುಟ್ಟು ಈ ಯಂತ್ರಕ್ಕೆ ಹೇಗೆ ತಿಳಿಯಿತು? ಅಷ್ಟರಲ್ಲಿ ಅಂಕಿ ತಡವರಿಸಿ ಮತ್ತೆ ಮೇಲೇರಿತು. ಮೂರು ಕಾಲು, ಮೂರೂವರೆ. ಅಲ್ಲೇ ನಿಂತಿತು. ಅವಳು ಮತ್ತೆ ಕುರ್ಚಿಗೆ ಒರಗಿದಳು.

ವಾರಗಿತ್ತಿ ಹುಬ್ಬು ಗಂಟಿಕ್ಕಿದಳು. ಪಂಪಿನ ಬಾಯಲ್ಲಿ ಒತ್ತಡ ಕಡಿಮೆಯಾಗುತ್ತಿದೆ, ಆದರೆ ಲೆಕ್ಕ ಹಾಗೆ ಹೇಳುತ್ತಿಲ್ಲ ಎಂದು ತನ್ನಷ್ಟಕ್ಕೆ ಗೊಣಗಿ, ಕುರ್ಚಿ ತಿರುಗಿಸಿ ಕೇಳಿದಳು: "ಅಕ್ಕ, ಗುರುವಾರ ಈ ಹೊತ್ತಲ್ಲಿ ಬೇರೆ ಏನೂ ಇಲ್ಲ ಅಲ್ವಾ?"

ಮೀಟರಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಗೋಡೆಯ ಗಡಿಯಾರ ನೋಡಿದಳು. ಒಂದೂ ಮೂವತ್ತೆಂಟು. ಇನ್ನೊಂದು ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ವಾಸಿ ಎನ್ನಿಸಿತು. ವಾರಗಿತ್ತಿ ಒಂದು ಕ್ಷಣ ಕಾದು, ಅಕ್ಕ ಏನೂ ಹೇಳಲಿಲ್ಲವೆಂದರೆ ಮೊದಲು ಹೇಳಿದ್ದೇ ಸರಿ ಎಂದುಕೊಂಡು ಪರದೆಗೆ ತಿರುಗಿದಳು. ಹಳೆಯ ಪ್ಯಾನೆಲ್‌ನ ಚಾಳಿಯನ್ನು ಬಿಡಿಸಲು ಬಂದವಳು ತಾನೂ ಅದನ್ನೇ ಮಾಡಿದಳು.

ಒಂದು ಐವತ್ತೆರಡಕ್ಕೆ ಮೇಜಿನ ಫೋನು ಹೊಡೆದುಕೊಂಡಿತು. ಎತ್ತಿದವಳು ಮೀಟರಮ್ಮ. ಆಸ್ಪತ್ರೆಯಿಂದ ಹಿರಿಯ ದಾದಿ. ಅವರ ಸ್ವಂತ ತೊಟ್ಟಿಯನ್ನು ತೊಳೆಯಲೆಂದು ಆ ದಿನ ಖಾಲಿ ಮಾಡಿದ್ದರು. ನೇರ ನಲ್ಲಿಯನ್ನೇ ನಂಬಿಕೊಂಡಿದ್ದರು. ಈಗ ನಲ್ಲಿಯಲ್ಲಿ ಗಾಳಿ ಬರುತ್ತಿದೆ.

"ಡಾಕ್ಟ್ರು ಮೊಣಕೈವರೆಗೂ ಸೋಪು ಹಚ್ಕೊಂಡು ನಿಂತಿದ್ದಾರೆ. ಒಳಗೆ ಆಪರೇಷನ್ನಿಗೆ ರೋಗಿಗೆ ಮತ್ತು ಬರಿಸಿ ಆಗಿದೆ. ನೀರು ಯಾವಾಗ ಬರುತ್ತೆ, ಅದನ್ನ ಹೇಳಿ" ಎಂದಿತು ದನಿ.

ಒಂದೂವರೆ ಮೀಟರಿಗೆ ಇನ್ನೂ ಹದಿನೆಂಟು ನಿಮಿಷ ಇತ್ತಲ್ಲ! ಮೀಟರಮ್ಮನ ಲೆಕ್ಕ ತಪ್ಪಿದ್ದೆಲ್ಲಿ? ಒಗೆಯುವ ಮನೆಯಲ್ಲಿ ತಿಂಗಳ ಹಿಂದೆ ಇನ್ನೊಂದು ಯಂತ್ರ ಬಂದಿತ್ತು, ನೀರಿನ ಎಳೆತ ಎರಡರಷ್ಟಾಗಿತ್ತು. ಅದು ಅವಳಿಗೆ ಆಮೇಲೆ ಗೊತ್ತಾಯಿತು. ಪ್ರತಿ ತಿಂಗಳು ಅಲ್ಲಿಯ ಮೇಸ್ತ್ರಿಗೆ ಫೋನು ಮಾಡಿ ವಿಚಾರಿಸುತ್ತಿದ್ದವಳು, ಈ ಎರಡು ತಿಂಗಳು ಉರಿಯುವುದರಲ್ಲೇ ಮುಳುಗಿ ಅದನ್ನು ಮರೆತಿದ್ದಳು.

ಅವಳು ಓಡಿಹೋಗಿ ಎರಡನೆಯ ಪಂಪು ಹಾಕಿದಳು, ಮೂರನೆಯದನ್ನೂ ಹಾಕಿದಳು. ಕನ್ನಡಿಯ ಮುಂದೆ ಹೇಳಿಕೊಂಡ ಮಾತು ಬಾಯಿಗೇ ಬರಲಿಲ್ಲ. ಆಸ್ಪತ್ರೆಗೆ ನೀರು ಹತ್ತಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಲ್ಲಿ ಶುದ್ಧ ನೀರಿನ ಬಾಟಲಿಗಳ ಮುಚ್ಚಳ ಬಿಚ್ಚಿ ಬಿಚ್ಚಿ ಡಾಕ್ಟರ ಕೈ ತೊಳೆಸಿದರಂತೆ. ರೋಗಿಗೆ ಏನೂ ಆಗಲಿಲ್ಲ. ಈ ಸುದ್ದಿ ಬರುವವರೆಗೆ ಮೀಟರಮ್ಮ ಫೋನಿನ ಪಕ್ಕದಿಂದ ಅಲುಗಲಿಲ್ಲ.

ನಾಲ್ಕು ಗಂಟೆಗೆ ಸಾಹೇಬರ ಕೋಣೆಯಲ್ಲಿ ವಿಚಾರಣೆ. ಮೇಜಿನ ಮೇಲೆ ಆ ಮಧ್ಯಾಹ್ನದ ಅಂಕಿಗಳ ಉದ್ದನೆಯ ಹಾಳೆ. ಸಾಹೇಬರ ಮುಖ ಕೆಂಪಾಗಿತ್ತು. ಇಂಥ ವ್ಯವಸ್ಥೆ ನಮಗೆ ಬೇಡ, ನಿಮ್ಮ ಕಂಪನಿಗೆ ಇವತ್ತೇ ಬರೆಯುತ್ತೇನೆ ಎಂದರು. ಮೀಟರಮ್ಮ ಬಯಸಿದ್ದು ಇದನ್ನೇ. ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಸಿಕ್ಕಿತ್ತು.

ಹಾಳೆ ನೋಡುತ್ತಾ ವಾರಗಿತ್ತಿ ನಿಧಾನವಾಗಿ ವಿವರಿಸಿದಳು. ‘ಅಂ’ ಸರಿಯಾಗಿಯೇ ಹೇಳಿತ್ತು. ಒತ್ತಡ ಇಳಿದದ್ದನ್ನು ಕಂಡು ನೀರು ಇಳಿಯುತ್ತಿದೆ ಎಂದು ಅನುಮಾನಪಟ್ಟು, ಎರಡನೆಯ ಪಂಪು ಹಾಕಲು ಹೊರಟಿತ್ತು. ‘ಅ’ ಚೌಕ ಅದನ್ನು ತಡೆಯಿತು. ಎಲ್ಲಕ್ಕಿಂತ ಹೆಚ್ಚಿನ ತೂಕ ‘ಅ’ ಚೌಕಕ್ಕೆ ಕೊಟ್ಟದ್ದರಿಂದ ಅಂದಾಜು ತನ್ನದೇ ತಪ್ಪಿರಬೇಕೆಂದು ಹಿಂದೆ ಸರಿಯಿತು.

ಮೀಟರಮ್ಮ ಸಮಯ ಸಿಕ್ಕಿತೆಂದು ಬಾಯಿ ಹಾಕಿದಳು. ಅಧಿಕಾರಿಗಳು ಕೊಟ್ಟ ಲೆಕ್ಕ ತಪ್ಪಿದರೆ ಯಂತ್ರ ಏನು ಮಾಡೀತು ಎಂದು, ಕುಟುಕುವ ಹಾಗೆಯೂ ಇರಬೇಕು, ಕಾಪಾಡುವ ಹಾಗೆಯೂ ಇರಬೇಕು, ಅಂಥ ದನಿಯಲ್ಲಿ ಹೇಳಿದಳು. ತಾನು ಯಾವ ಲೆಕ್ಕವನ್ನೂ ಕೊಟ್ಟೇ ಇಲ್ಲವೆಂದು ಸಾಹೇಬರು ಗುಡುಗಿದರು.

ವಾರಗಿತ್ತಿ ಮೇಜನ್ನು ನೋಡುತ್ತಿದ್ದಳು. "‘ಅ’ ಅಂದ್ರೆ ಅಧಿಕಾರಿ ಅಲ್ಲ" ಎಂದಳು. "‘ಅ’ ಅಂದ್ರೆ ಅಕ್ಕ."

ಸಾಹೇಬರು ಮೀಟರಮ್ಮನ ಕಡೆ ತಿರುಗಿದರು.

"ಅಕ್ಕ ಬರೆಸಿದ ವಾರದ ಪಟ್ಟಿ ಆ ಚೌಕದಲ್ಲಿದೆ. ಬೇಕಾದಾಗ ಅವರೇ ಹೊಸ ಅಂಕಿ ಹಾಕಬಹುದು. ಅದಕ್ಕೊಬ್ಬರು ಯಾವಾಗಲೂ ಇಲ್ಲಿ ಇರಲೇಬೇಕು ಅಂತ ಮೊದಲೇ ಬರೆದುಕೊಟ್ಟಿದ್ದೀನಿ ಸರ್, ಅವರಿಲ್ಲದೆ ಇದು ನಡೆಯಲ್ಲ" ಎಂದು ಅವಳು ಮುಂದುವರಿಸಿದಳು. "ರೇಡಿಯೊ ಸುಳ್ಳು ಹೇಳಬಹುದು ಅಂತ ಅದಕ್ಕೆ ಎರಡೆರಡು ಬೀಗ ಹಾಕಿದೆ. ಅಕ್ಕನ ಮಾತಿಗೆ ಬೀಗ ಯಾಕೆ ಅಂತ ಬಿಟ್ಟೆ. ಗುರುವಾರದ ವಿಷಯ ನಾನೇ ಸರಿಯಾಗಿ ಕೇಳಿಕೊಳ್ಳಲಿಲ್ಲ. ತಪ್ಪು ನನ್ನದೇ."

ಉಗ್ರಾಣವೂ ಇಲ್ಲ, ಜೇಡರ ಬಲೆಯೂ ಇಲ್ಲ. ಮೀಟರಮ್ಮನ ಕುರ್ಚಿಯನ್ನು ಗಟ್ಟಿ ಮಾಡಿ ಇಟ್ಟವಳು, ಅವಳು ಯಾರ ನೀರಿಳಿಸಲು ಹೊರಟಿದ್ದಳೋ ಅವಳೇ. ಈಗ ತಪ್ಪನ್ನೂ ತನ್ನ ತಲೆಗೇ ಕಟ್ಟಿಕೊಳ್ಳುತ್ತಿದ್ದಾಳೆ. ಬಾಯಿ ಮುಚ್ಚಿಕೊಂಡು ಕೂತರೆ ಮೀಟರಮ್ಮ ಬಚಾವು. ಆದರೆ ಹೊಟ್ಟೆಕಿಚ್ಚಿನ ವಿಚಿತ್ರ ನೋಡಿ, ಅವಳನ್ನು ಸುಳ್ಳಿಗೆ ನೂಕಿದ್ದು ಅದೇ, ನಿಜಕ್ಕೆ ನೂಕಿದ್ದೂ ಅದೇ. ದೊಡ್ಡತನದಲ್ಲೂ ಇವಳೇ ಮುಂದೆ ಹೋಗಿಬಿಟ್ಟರೆ ತನಗೆ ಇನ್ನೇನು ಉಳಿಯಿತು ಎಂದು ಅವಳಿಗೆ ತಡೆಯಲಾಗಲಿಲ್ಲ.

"ಅವಳು ಸರಿಯಾಗೇ ಕೇಳಿದ್ಳು" ಎಂದಳು ಮೀಟರಮ್ಮ. "ಎರಡು ಸಲ ಕೇಳಿದ್ಳು. ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಪರೀಕ್ಷೆಗೆ ಗುರುವಾರ ಅಂತ ದಿನ ಕೊಟ್ಟಿದ್ದೂ ನಾನೇ."

ವಾರಗಿತ್ತಿ ತಲೆಯೆತ್ತಿ ಅವಳನ್ನು ನೋಡಿದಳು. ಸಿಟ್ಟು ಬಂದಿದ್ದರೆ ಮೀಟರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಸಿಟ್ಟಿರಲಿಲ್ಲ. ಅವಳು ಪರದೆಯ ಅಂಕಿಯನ್ನು ನೋಡುವ ಹಾಗೆ ನೋಡಿದಳು, ಇದನ್ನು ಎಷ್ಟು ನಂಬಬಹುದು ಎಂದು ಅಳೆಯುವ ಹಾಗೆ. ಹದಿನಾಲ್ಕು ತಿಂಗಳಲ್ಲಿ ಆ ನೋಟ ಮೀಟರಮ್ಮನ ಮೇಲೆ ಬಿದ್ದದ್ದು ಅದೇ ಮೊದಲು.

ಸಾಹೇಬರು ಬೈದು ಬೈದು ಸುಸ್ತಾದರು, ಕೈಗೆ ಎಚ್ಚರಿಕೆಯ ಪತ್ರ ಕೊಟ್ಟರು. ಆದರೂ ಅವಳನ್ನು ಕುರ್ಚಿಯಿಂದ ಎಬ್ಬಿಸಲಿಲ್ಲ. ನಕ್ಷೆಯಲ್ಲಿಲ್ಲದ ಕೊಳವೆಗಳು ಇನ್ನೂ ಎಷ್ಟಿವೆ ಎಂದು ತಿಳಿದವರು ಆ ಕಟ್ಟಡದಲ್ಲಿ ಬೇರೆ ಯಾರೂ ಇರಲಿಲ್ಲ. ಮೀಟರಮ್ಮ ನೀಲಿ ರಟ್ಟಿನ ಏಳೂ ಪುಸ್ತಕಗಳನ್ನು ತಂದು ವಾರಗಿತ್ತಿಯ ಮೇಜಿನ ಮೇಲಿಟ್ಟಳು. ವಾರಗಿತ್ತಿ "ಥ್ಯಾಂಕ್ಸ್ ಅಕ್ಕ" ಎಂದಳು. ಪುಸ್ತಕ ಓದಿ, ಒಗೆಯುವ ಮನೆಗೆ ತಾನೇ ಹೋಗಿ ನೋಡಿಕೊಂಡು ಬಂದಳು.

ಮುಂದಿನ ಸೋಮವಾರ ತಿಂಡಿಯ ಹೊತ್ತಿಗೆ ಅತ್ತೆ ಯಾರ ಮುಖವನ್ನೂ ನೋಡದೆ "ನೀರು ಹೇಗಿದೆ?" ಎಂದು ಕೇಳಿದರು. ವಾರಗಿತ್ತಿ ತಲೆ ತಗ್ಗಿಸಿ ತಿನ್ನುತ್ತಿದ್ದಳು. ಮೀಟರಮ್ಮನೇ ಉತ್ತರ ಕೊಟ್ಟಳು. ಗತ್ತು ತರಲು ನೋಡಿದಳು, ಬರಲಿಲ್ಲ.

ಪಂಪುಮನೆಗೆ ಹೋದಾಗ ಪರದೆಯ ಮೇಲೆ ಮೂರು ಚೌಕಗಳೂ ಹಾಗೇ ಇದ್ದವು. ‘ಅ’ ಎಂಬ ಅಕ್ಷರವೂ ಹಾಗೇ ಇತ್ತು. ಹತ್ತು ಗಂಟೆಗೆ ಮೇಲಿನ ಬೀದಿಯ ಶಾಲೆಯಲ್ಲಿ ಬಿಡುವಿನ ವೇಳೆ, ಅರ್ಧ ಗಂಟೆ ನೀರು ಜಾಸ್ತಿ ಹೋಗುತ್ತದೆ. ಅವಳು ಕುರ್ಚಿ ಎಳೆದು ಕೂತು, ತನ್ನ ಚೌಕದಲ್ಲಿ ಮೊದಲ ಸಲ ಅಂಕಿ ಒತ್ತಿದಳು. ಕೆಳಗೆ ಒಂದು ಹೊಸ ಸಾಲು ಮೂಡಿತು: ‘ಖಚಿತವೇ?’

ರೇಡಿಯೊಗೆ ಹಾಕಿದ್ದಂಥ ಬೀಗ ಈಗ ಅಕ್ಕನ ಮಾತಿಗೂ ಬಿದ್ದಿತ್ತು. ಅವಳು ‘ಹೌದು’ ಒತ್ತಿದಳು.

ಚೌಕ ಇನ್ನೊಮ್ಮೆ ಕೇಳಿತು.